ಮೂರನೆಯ ಕಿಟಕಿ

ಪುಂತಾ ಅರೆನಾಸಿನಲ್ಲಿ ಗಾಳಿ ಎದ್ದ ದಿನ
ಚೌಕದ ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದು ನಡೆಯಲಿ ಅಂತ.
ವಿದೇಶೀಯರ ಕಚೇರಿಗೆ ನಾನೂ ಹಾಗೇ ಹೋಗುತ್ತೇನೆ,
ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಊಟದ ಡಬ್ಬಿ,
ಇಪ್ಪತ್ತೆರಡು ವರ್ಷದಿಂದ.
ಮೂರನೆಯ ಕಿಟಕಿ ನನ್ನದು.

ಭಾನುವಾರ ಅಣ್ಣನ ಮನೆಯಲ್ಲಿ ಊಟ.
ಮಿರ್ಕೊ ಕುರಿಯ ತೊಡೆ ಕೊಯ್ಯುತ್ತ ಶುರುಮಾಡುತ್ತಾನೆ,
ಚಾಕುವಿಗಿಂತ ಮೊದಲು ಮಾತು ಇಳಿಯುತ್ತದೆ:
ನಮ್ಮಜ್ಜ ಬ್ರಾಚ್ ದ್ವೀಪದಿಂದ ಬಂದನಂತೆ,
ಹುಳ ತಿಂದ ದ್ರಾಕ್ಷಿಬಳ್ಳಿ ಬಿಟ್ಟು,
ಹಡಗಿನಲ್ಲಿ ನಲವತ್ತು ದಿನ ಈರುಳ್ಳಿ ತಿಂದನಂತೆ,
ಬಂದರಿನಲ್ಲಿ ಟೋಪಿ ಕಳಚಿ ಸಾಲಿನಲ್ಲಿ ನಿಂತನಂತೆ,
ಕಾಗದ ತೋರಿಸಿದನಂತೆ, ಸೀಲು ಬಿತ್ತಂತೆ,
ಮರುದಿನವೇ ತುಪ್ಪಟ ಕತ್ತರಿಸಲು ಹೋದನಂತೆ.
“ಈಗಿನವರ ಹಾಗಲ್ಲ” ಎನ್ನುತ್ತಾನೆ,
ಎಲ್ಲಕ್ಕಿಂತ ಮೆತ್ತಗಿನ ತುಂಡನ್ನು ನನ್ನ ತಟ್ಟೆಗೆ ಹಾಕುತ್ತ.

ಕೆಟ್ಟವನಲ್ಲ ಅಣ್ಣ.
ಕಳೆದ ಚಳಿಗಾಲ ಪಕ್ಕದ ಬೀದಿಯ ಹೈಟಿ ಹೆಂಗಸಿಗೆ
ತನ್ನದೇ ಒಲೆ ಹೊತ್ತುಕೊಂಡು ಹೋಗಿ ಕೊಟ್ಟ.
ಕೊಟ್ಟು ಬಂದು, “ಇವರನ್ನೆಲ್ಲ ಯಾಕೆ ಬಿಡುತ್ತಾರೋ” ಅಂದ.

ಅಜ್ಜ ಹೋದಾಗ ನನಗೆ ಹತ್ತು ವರ್ಷ.
ಉಣ್ಣೆಯ ವಾಸನೆ, ಒಂದು ಮೊಂಡು ಹೆಬ್ಬೆರಳು, ಅಷ್ಟೆ ನೆನಪು.
“ಯೂರೆ” ಅಂತ ಕರೆದರೆ ತುಸು ತಡವಾಗಿ ತಿರುಗುತ್ತಿದ್ದ.
ಕಿವಿ ಮಂದ ಅಂದುಕೊಂಡಿದ್ದೆವು.
ರೊಟ್ಟಿ ಸೀದಾಗ, ಹಾಲು ಉಕ್ಕಿದಾಗ ಮಾತ್ರ
ಅಜ್ಜಿ ಒಳಗಿನಿಂದ “ಅಂತೇ!” ಎಂದು ಕೂಗುತ್ತಿದ್ದಳು.
ಅದು ಅವಳ ಊರಿನ ಅಯ್ಯೋ ಇರಬೇಕು ಅಂತ ನಾನು.
ಶಾಲೆಯಲ್ಲಿ ಬಿದ್ದು ಮಂಡಿ ತರಚಿದಾಗ
“ಅಂತೇ!” ಅಂತ ಅತ್ತಿದ್ದೇನೆ.

ಹೋದ ತಿಂಗಳು ಬ್ರಾಚಿನ ಪಾದ್ರಿಯಿಂದ ಲಕೋಟೆ ಬಂತು.
ಬರೆದು ಕೇಳಿದವಳು ನಾನೇ:
ಮಿರ್ಕೊನ ಮಗನಿಗೆ ಯುರೋಪಿನ ಪಾಸ್‌ಪೋರ್ಟ್ ಬೇಕಿತ್ತು,
ಮುತ್ತಜ್ಜನ ಲೆಕ್ಕದಲ್ಲಿ ಸಿಗುತ್ತದಂತೆ.
ಯೂರೆ ವೂಲಿಚ್. ಸೇನೆಯ ಕೆಲಸ ಮುಗಿಸಿದ್ದ,
ಪಾಸ್‌ಪೋರ್ಟ್ ಸಿಕ್ಕಿತ್ತು, ಟಿಕೆಟ್ ಕೊಂಡಾಗಿತ್ತು.
ಮರಣ: ಜ್ವರ, ಫೆಬ್ರವರಿ ೧೯೧೧.
ಅದರ ಕೆಳಗಿನ ಸಾಲು, ತಮ್ಮ. ಹೆಸರು: ಅಂತೆ.
ಸೇನೆ ಕರೆಯುವ ವಯಸ್ಸು. ಮರಣದ ಕಾಲಂ ಖಾಲಿ.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ:
ಇಲ್ಲಿಲ್ಲ.

ಆಗ ಪಾಸ್‌ಪೋರ್ಟಿಗೆ ಮುಖವಿರಲಿಲ್ಲ,
ಎತ್ತರ ಇತ್ತು, ಕಣ್ಣಿನ ಬಣ್ಣ ಇತ್ತು.
ಇಬ್ಬರದೂ ಕಂದು.
ಅರವತ್ತು ವರ್ಷ ಅಣ್ಣನ ಕೋಟಿನೊಳಗೆ ಬದುಕಿದ ನಮ್ಮಜ್ಜ,
ಅಣ್ಣನ ಹುಟ್ಟುಹಬ್ಬಕ್ಕೆ ಕೇಕು ಕೊಯ್ದ.
ಸೈಪ್ರೆಸ್ ಸಾಲಿನ ಕೆಳಗೆ ಕಲ್ಲಿನ ಮೇಲೂ ಅಣ್ಣನೇ.
ಜ್ವರದಲ್ಲಿ ಸತ್ತವನಿಗೆ ಎರಡು ಗೋರಿ,
ನಮ್ಮವನಿಗೆ ಒಂದೂ ಇಲ್ಲ.

ಹೇಳಿದೆ. ಚಾಕು ನಿಂತಿತು.
ಮೂಳೆಯ ಸಂದಿನಲ್ಲಿ ಏನನ್ನೋ ಹುಡುಕುವವನ ಹಾಗೆ ನೋಡಿ
ಮಿರ್ಕೊ “ಅದು ಬೇರೆ” ಅಂದ.
ಆಮೇಲೆ, ಮೆಲ್ಲಗೆ,
“ಹುಡುಗನ ಪಾಸ್‌ಪೋರ್ಟ್ ಏನಾಗುತ್ತೆ ಈಗ?”

ನಾನೇನೂ ಮೇಲಲ್ಲ.
ಸೋಮವಾರ ವಿಲ್ನೇರ್ ದೊರ್ಸೆಂ ಮೂರನೆಯ ಸಲ ಬಂದ.
ಏಡಿ ಕಾರ್ಖಾನೆಯ ಕೈ, ಐಸಿಗೆ ಬಿರಿದದ್ದು.
ಜನನಪತ್ರದಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು.
ಅಕ್ಷರ ಹೊಂದಬೇಕು. ನಿಯಮ.
ಆ ನಿಯಮದ ರೊಟ್ಟಿಯಲ್ಲೇ ನನ್ನ ಮಗಳು ಓದಿದ್ದು.
“ನಿಮ್ಮೂರಿನಿಂದ ಹೊಸದು ತರಿಸಿ” ಅಂದೆ,
ಊರಿನ ಕಚೇರಿ ಸುಟ್ಟುಹೋಗಿದೆ ಅಂತ
ಆತ ಎರಡು ಸಲ ಹೇಳಿದ ಮೇಲೂ.
ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಸುಳ್ಳು.
ಬಂತು.

ಗುರುವಾರ ಮತ್ತೆ ಗಾಳಿ.
ಹಗ್ಗದ ಆಚೆ ತುದಿಯಲ್ಲಿ ಆತ,
ಪ್ಲಾಸ್ಟಿಕ್ ಚೀಲ ಎದೆಗೆ ಅವಚಿ, ಒಂದೇ ಕೈಯಲ್ಲಿ.
ನಾನು ಒಳಗೆ ಹೋಗಿ ಕೋಟು ಬಿಚ್ಚಿ
ಕಿಟಕಿ ತೆರೆದೆ.
ಪಟ್ಟಿಯಲ್ಲಿದ್ದ ಹಾಗೇ, ತಪ್ಪು ಅಕ್ಷರದ ಸಮೇತ,
ಹೆಸರು ಕೂಗಿದೆ.

ಬೆಂಚಿನ ಮೇಲೆ ಯಾರೂ ಅಲುಗಲಿಲ್ಲ.
ಆಮೇಲೆ, ತುಸು ತಡವಾಗಿ,
ಆತ ತಿರುಗಿದ.